ಎಡಗೈ ಸಿಪಾಯಿ

ಕೊಪ್ಪಳದ ಕೋಟೆಯ ಬುಡದ ಓಣಿಯಲ್ಲಿ ಅಲ್ಲಾಸಾಬ ಹಿತ್ತಾಳೆಯ ಮೊಹರು ಕೆತ್ತುತ್ತಿದ್ದ. ಸುತ್ತಲಿನ ಪಟೇಲ, ಪಟವಾರಿಗಳ ಹೆಸರನ್ನೆಲ್ಲ ಉಲ್ಟಾ ಕೆತ್ತಿದ ಕೈ ಅದು. ಕಾಗದಕ್ಕೆ ಒತ್ತಿದಾಗ ನೆಟ್ಟಗೆ ಮೂಡಬೇಕಲ್ಲ! ನಲವತ್ತನೆಯ ಇಸವಿಯ ಸುಮಾರಿಗೆ ರಬ್ಬರಿನ ಮೊಹರು ಬಂದು ಅವನ ಕೆಲಸ ನಿಂತಿತು. ಅದೇ ವರ್ಷ ಹೆಂಡತಿ ಸರ್ದಾರಬೀ ತೀರಿಕೊಂಡಳು. ಮನೆಯಲ್ಲಿ ಮಾತಿಗೆ ಯಾರೂ ಉಳಿಯಲಿಲ್ಲ.

ಗಂಗಾವತಿ ಸಂತೆಯ ಹಳೇ ಸಾಮಾನಿನ ರಾಶಿಯಲ್ಲಿ ಅವನಿಗೊಂದು ಯುದ್ಧದ ಚಿತ್ರ ಸಿಕ್ಕಿತು. ತಾಮ್ರದ ತಗಡಿನಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ್ದು. ಗೆರೆ ಒತ್ತಾದಲ್ಲಿ ಕುದುರೆಯ ನೆರಳು, ಗೆರೆ ಬಿಟ್ಟಲ್ಲಿ ತೋಪಿನ ಹೊಗೆ. ಭೂತಗನ್ನಡಿ ಹಿಡಿದು ನೋಡುತ್ತ ಹೋದವನಿಗೆ ಸಿಟ್ಟು ಬಂತು. ಸಿಪಾಯಿಗಳೆಲ್ಲ ಎಡಗೈಯಲ್ಲೇ ಕತ್ತಿ ಹಿಡಿದಿದ್ದರು!

“ಖೋಡಿ! ಉಲ್ಟಾ ಕೆತ್ತೂದ ಮರತಾನ,” ಎಂದು ಆ ಹೆಸರಿಲ್ಲದ ಕಸಬುದಾರನನ್ನು ಬೈದ.

ಆದರೆ ಮೂಲೆಯಲ್ಲಿ ಕುದುರೆಯಿಂದ ಬಿದ್ದ ಸಿಪಾಯಿಯೊಬ್ಬನ ಕತ್ತಿ ಮಾತ್ರ ಬಲಗೈಯಲ್ಲಿತ್ತು. ಅಲ್ಲಾಸಾಬ ಗೋಡೆಯ ಕನ್ನಡಿ ಇಳಿಸಿ ಚಿತ್ರದ ಮುಂದೆ ಹಿಡಿದ. ಕನ್ನಡಿಯಲ್ಲಿ ಎಲ್ಲರ ಕತ್ತಿಯೂ ಬಲಗೈಗೆ ಬಂತು. ಬಿದ್ದವನದು ಎಡಗೈಗೆ ಹೋಯಿತು. ಅವನು ನಿಜಕ್ಕೂ ಎಡಚನೇ. ಅಷ್ಟು ಗದ್ದಲದಲ್ಲೂ ಯಾರೋ ಅವನ ಕೈಯನ್ನು ಗಮನಿಸಿ ನೋಡಿದ್ದರು.

ಸರ್ದಾರಬೀಯೂ ಎಡಚಿ. ರೊಟ್ಟಿ ಬಡಿಯುವುದೂ ಎಡಗೈಯಿಂದಲೇ. “ಮಂದಿ ನಗತಾರ, ಕೈ ಬದಲ ಮಾಡ,” ಎಂದು ಅವನು ಬದುಕಿಡೀ ಗದರಿದ್ದ.

ಆ ಸಂಜೆ ಅವನು ಜೋಳದ ಹಿಟ್ಟು ನಾದಿಕೊಂಡು ಎಡಗೈಯಿಂದ ರೊಟ್ಟಿ ಬಡಿಯಲು ಕೂತ. ರೊಟ್ಟಿ ಹರಿದು ಹರಿದು ಬಂತು. ನಗುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.