ಚೌರಪ್ಪ ಬಾರಿಸದೆ ಉಳಿಸಿದ ಪೆಟ್ಟು

ಕೆ.ಆರ್. ಪುರದ ಹಳೇ ಊರಿನ ಪುಟ್ಟ ಚರ್ಚಿನಲ್ಲಿ ಗಂಟೆ ಹೊಡೆಯುವವನು ಚೌರಪ್ಪ. ಈಗ ಎಲ್ಲಾ ಕಡೆ ಸ್ವಿಚ್ಚು ಒತ್ತಿದರೆ ಗಂಟೆ ಹೊಡೆದುಕೊಳ್ಳುತ್ತದೆ. ಇಲ್ಲಿ ಮಾತ್ರ ಹಗ್ಗ, ಹಗ್ಗದ ತುದಿಗೆ ಚೌರಪ್ಪ. ಫಾದರ್ ಎರಡು ಸಲ ಮೋಟಾರ್ ಹಾಕಿಸೋಣ ಅಂದರು. “ಹಾಕ್ಸಿ ಫಾದರ್, ಸತ್ತೋರ ವಯಸ್ಸು ಆ ಮೋಟಾರಿಗೆ ಯಾರು ಹೇಳ್ತಾರೆ?” ಅಂತ ಕೇಳಿದ. ಮಾತು ಅಲ್ಲಿಗೇ ನಿಂತಿತು.

ಆ ಊರಿನ ಸಾವಿನ ಗಂಟೆಗೆ ಒಂದು ಕ್ರಮ ಇದೆ. ಗಂಡಸು ಸತ್ತರೆ ಮೊದಲು ಮೂರು ಪೆಟ್ಟು, ಹೆಂಗಸಾದರೆ ಎರಡು. ಸ್ವಲ್ಪ ಬಿಟ್ಟು, ಎಷ್ಟು ವರ್ಷ ಬದುಕಿದರೋ ಅಷ್ಟು ಪೆಟ್ಟು, ನಿಧಾನಕ್ಕೆ. ಎಲ್ಲಾ ಆದಮೇಲೆ ಒಂದೇ ಒಂದು ಜೋರು ಪೆಟ್ಟು, ಕಡೇದು. ಅದು ಬಿದ್ದರೆ ಎಣಿಕೆ ಮುಗಿಯಿತು, ಆತ್ಮ ಹೊರಟಿತು ಅಂತ. ಕೇಳಿದವರು ಶಿಲುಬೆ ಗುರುತು ಹಾಕಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಗೇಟಿನ ಎದುರು ಸೊಪ್ಪು ಮಾರುವ ಆಂಜನಮ್ಮ ಕ್ರೈಸ್ತಳಲ್ಲ. ಆದರೂ ಕೂತಲ್ಲೇ ಬೆರಳು ಮಡಚಿ ಎಣಿಸಿ, “ಗಂಡಸು, ಎಪ್ಪತ್ತೆರಡು. ಬೇಕರಿ ಅಣ್ಣನೇ ಇರ್ಬೇಕು” ಅಂದುಬಿಡುತ್ತಿದ್ದಳು. ತಪ್ಪಿದ್ದೇ ಇಲ್ಲ. ದಿನಾ ಸೊಪ್ಪು ಕೊಟ್ಟು “ನಾಳೆ ಬನ್ನಿ ಅಣ್ಣಾ” ಅನ್ನದೆ ಚೌರಪ್ಪನನ್ನು ಕಳಿಸಿದ್ದೂ ಇಲ್ಲ.

ತನ್ನ ಹೆಂಡತಿಗೂ ಚೌರಪ್ಪ ತಾನೇ ಬಾರಿಸಿದ್ದ. ಎರಡು, ಆಮೇಲೆ ಮೂವತ್ತೆಂಟು. ಬೇರೆ ಯಾರಾದರೂ ಹೊಡೀತಾರೆ ಬಿಡು ಅಂದರೆ ಕೇಳಲಿಲ್ಲ, ಭಂಡ. ಅವತ್ತಿನಿಂದ ಅವನಿಗೆ ಉಳಿದದ್ದು ಮಗಳು ಲೂರ್ದು ಒಬ್ಬಳೇ.

ಈ ಲೂರ್ದು ಇದ್ದಾಳಲ್ಲ, ವಾರವೆಲ್ಲ ಸಿ.ವಿ. ರಾಮನ್ ನಗರದ ಆಫೀಸಿನಲ್ಲಿ ಮೆತ್ತಗೆ “ಯೆಸ್ ಸರ್” ಅನ್ನುವ ಹುಡುಗಿ. ಶನಿವಾರ ಮೈಕು ಹಿಡಿದಳೋ, ಕರಡಿ ಗುರುಗುಟ್ಟಿದ ಹಾಗೆ ಹಾಡುತ್ತಾಳೆ. ಮೆಟಲ್ ಬ್ಯಾಂಡು, ಕಿವಿ ಒಡೆಯುವ ರಾಕ್ ಸಂಗೀತ. ಹೆಸರು ‘ನಾಲ್ಕನೇ ದಿನ’. ಅದರಲ್ಲೂ ಪ್ರೋಗ್ರೆಸಿವ್ ಅಂತೆ, ಅಂದರೆ ಒಂದೊಂದು ಹಾಡು ಹದಿನಾಲ್ಕು ನಿಮಿಷ, ತಾಳ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಅಂತ ಕೇಳುವವನಿಗೆ ಗೊತ್ತಾಗಬಾರದು. ಹಾಡುವುದೆಲ್ಲ ಯೇಸುವಿನ ವಿಷಯವೇ. ಆದರೆ ಅದು ಯಾರ ಕಿವಿಗೆ ಬೀಳಬೇಕು! ಚರ್ಚಿನ ಹೆಂಗಸರು ಸೈತಾನನ ಸಂಗೀತ ಅಂದರು.

“ಅಪ್ಪಾ, ಬೈಬಲ್ಲಿನ ಕೀರ್ತನೆ ಬರೆದೋರು ದೇವರ ಮುಂದೆ ಗೋಳಾಡಿಲ್ವಾ? ನಾನು ಕಿರುಚಿದ್ರೆ ತಪ್ಪಾ?” ಅಂದಳು ಲೂರ್ದು. ಚೌರಪ್ಪ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ. ಮಗಳೆಂದರೆ ಅವನಿಗೆ ಅಷ್ಟು ಜೀವ.

ಈ ವರ್ಷ ಅವರು ಇಡೀ ಆಲ್ಬಮನ್ನೇ ಒಂದು ಕತೆಯಾಗಿ ಮಾಡಲು ಹೊರಟರು. ಲಾಜರನ ಕತೆ. ಸತ್ತು ನಾಲ್ಕು ದಿನ ಗವಿಯಲ್ಲಿದ್ದವನನ್ನು ಯೇಸು ಹೆಸರು ಹಿಡಿದು ಕರೆದು ಎಬ್ಬಿಸಿದ, ಬೈಬಲ್ಲಿನಲ್ಲಿದೆ. ಆ ನಾಲ್ಕು ದಿನ ಕತ್ತಲೆಯಲ್ಲಿ ಅವನಿಗೆ ಏನು ಕಂಡಿತು ಅನ್ನುವುದು ಮಾತ್ರ ಇಲ್ಲ. ಆಲ್ಬಮ್ ಪೂರ್ತಿ ಅದೇ. ಮೊದಲ ಹಾಡಿಗೆ ಸಾವಿನ ಗಂಟೆ ಬೇಕಾಯಿತು, ಅದೂ ನಿಜವಾದದ್ದೇ.

“ಹೆಣ ಇಲ್ದೆ ಆ ಗಂಟೆ ಹೊಡೀಬಾರ್ದು ಕಣಮ್ಮ” ಅಂದ ಚೌರಪ್ಪ.

“ಲಾಜರ ಸತ್ತಿಲ್ವಾ?”

“ಅವನು ಎದ್ದನಲ್ಲೇ.”

“ಆಮೇಲೆ ಇನ್ನೊಂದ್ಸಲ ಸತ್ತೇ ಸತ್ತಿರ್ತಾನಲ್ಲಪ್ಪಾ!”

ಚೌರಪ್ಪ ನಕ್ಕುಬಿಟ್ಟ. ಆ ನಗು ಬರಬಾರದಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಡ್ರಮ್ಮರ್ ಸಿದ್ಧಾರ್ಥ್ ಸಾಮ್ಯುವೆಲ್ ಮೈಕು, ವೈರು ಹೊತ್ತುಕೊಂಡು ಬಂದ. ಅವನು ಸಿ.ಎಸ್.ಐ. ಅನ್ನುವ ಬೇರೆ ಪಂಗಡದ ಚರ್ಚಿನವನು, ಈ ಗಂಟೆಯ ಕ್ರಮ ಅವನಿಗೇನು ಗೊತ್ತು? ಲಾಜರನ ವಯಸ್ಸು ಎಷ್ಟು ಅಂತ ಚೌರಪ್ಪ ಕೇಳಿದರೆ, “ಇಪ್ಪತ್ತೇಳು ಹೊಡೀರಿ ಅಂಕಲ್. ಒಂಬತ್ತರ ತಾಳ, ಮೂರು ಸಲ. ಕರೆಕ್ಟಾಗಿ ಕೂತ್ಕೊಳ್ಳುತ್ತೆ” ಅಂದ. ಲೂರ್ದು ಕೆಳಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದಳು. ಚೌರಪ್ಪ ಮಗಳನ್ನೇ ನೋಡುತ್ತಾ ಹಗ್ಗ ಎಳೆದ. ಹೋದ ವಾರವಷ್ಟೇ ಇಬ್ಬರು ಮುದುಕಿಯರಿಗೆ ಬಾರಿಸಿದ ಕೈ. ತಾನಾಗಿ ಎರಡು ಹೊಡೆದು ನಿಂತಿತು. ಆಮೇಲೆ ಇಪ್ಪತ್ತೇಳು.

ಕಡೇ ಪೆಟ್ಟಿಗೆ ಹಗ್ಗ ಎತ್ತಿದ್ದ, ಅಷ್ಟರಲ್ಲಿ ಸಿದ್ಧಾರ್ಥ್ “ಕಟ್! ಸೂಪರ್ ಅಂಕಲ್!” ಅಂತ ಕೂಗಿದ.

“ಇನ್ನೊಂದು ಇದೆ ಕಣಯ್ಯ.”

“ಬೇಡ ಅಂಕಲ್, ಒಂದು ಜಾಸ್ತಿಯಾದ್ರೆ ತಾಳ ಕೆಡುತ್ತೆ.”

ಕಡೇದನ್ನು ಹೊಡೆಯದೆ ಚೌರಪ್ಪ ಹಗ್ಗ ಬಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಗೊಣಗುತ್ತಾ ಗೇಟಿಗೆ ಬಂದರೆ ಆಂಜನಮ್ಮ ಕೊತ್ತಂಬರಿ ಕಟ್ಟು ಹಿಡಿದು ಎದ್ದು ನಿಂತಿದ್ದಳು. “ಅಯ್ಯೋ ಅಣ್ಣಾ, ಯಾರದು? ಎರಡು ಹೊಡೆದ್ರಿ, ಹೆಣ್ಮಗು. ಬರೀ ಇಪ್ಪತ್ತೇಳು! ಯಾವ ತಾಯಿ ಹೊಟ್ಟೆ ಉರೀತೋ!”

ಲೂರ್ದುಗೆ ಇಪ್ಪತ್ತೇಳು ತುಂಬಿ ಒಂಬತ್ತು ದಿನವಾಗಿತ್ತು.

ಚೌರಪ್ಪ ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಟ್ಟರೆ? ಮೂರು ವಾರಕ್ಕೆ ಲೂರ್ದು ಧ್ವನಿ ಒಡೆಯಿತು. ಒಂದು ಬೆಳಿಗ್ಗೆ ಕೆಮ್ಮಿದಾಗ ಕರ್ಚೀಫಿನಲ್ಲಿ ಕೆಂಪು ಚುಕ್ಕೆ ಕಂಡಿತು. ಹಲಸೂರಿನ ಡಾಕ್ಟರು ಗಂಟಲಲ್ಲಿ ಗಂಟಿದೆ ಅಂದರು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೋ ಅಲ್ಲವೋ ಶುಕ್ರವಾರ ಹೇಳುತ್ತೇವೆ ಅಂದರು.

ಚೌರಪ್ಪ ಅನ್ನ ಬಿಟ್ಟ. ಪಕ್ಕದ ರೂಮಿನಲ್ಲಿ ಲೂರ್ದು ಆ ಹಾಡನ್ನೇ ತಿದ್ದುತ್ತಾ ಕೂತಿರುತ್ತಿದ್ದಳು. ಎರಡು ಪೆಟ್ಟು, ಇಪ್ಪತ್ತೇಳು, ಡ್ರಮ್ಮು. ಮತ್ತೆ ಮೊದಲಿಂದ. ತಾನು ಬಾರಿಸಿದ ಮಗಳ ಸಾವನ್ನು ಮಗಳೇ ದಿನಾ ಹತ್ತು ಸಲ ಕೇಳುತ್ತಿದ್ದಾಳೆ.

ಗುರುವಾರ ಜಪಮಣಿ ಎಣಿಸುತ್ತಾ ಕೂತಿದ್ದಾಗ ತಟ್ಟನೆ ಹೊಳೆಯಿತು. ಕಡೇ ಪೆಟ್ಟು ಬಿದ್ದಿಲ್ಲ. ಎಣಿಕೆ ಇನ್ನೂ ಮುಗಿದಿಲ್ಲ. ಮುಗಿಯದ ಎಣಿಕೆ ಯಾರದ್ದಾದರೂ ಆಗಬಹುದಲ್ಲ?

ಶುಕ್ರವಾರ ಬೆಳಿಗ್ಗೆ ಲೂರ್ದು, “ನೀನು ಬರ್ಬೇಡಪ್ಪಾ, ಅತ್ಬಿಡ್ತೀಯ” ಅಂತ ಪಿಸುಗುಟ್ಟಿ ಸಿದ್ಧಾರ್ಥ್ ಜೊತೆ ಮೆಟ್ರೋ ಹತ್ತಿದಳು. ಹನ್ನೊಂದು ಗಂಟೆಗೆ ಚೌರಪ್ಪ ಚಪ್ಪಲಿ ಬಿಟ್ಟು ಹಗ್ಗದ ಹತ್ತಿರ ಹೋದ. ಮೊದಲು ಮೂರು ಹೊಡೆದ, ಗಂಡಸಿನದು. ಆಮೇಲೆ ಒಂದರಿಂದ ಶುರುಮಾಡಲಿಲ್ಲ. “ಇಪ್ಪತ್ತೆಂಟು” ಅಂದು ಎಳೆದ. ಇಪ್ಪತ್ತೊಂಬತ್ತು. ಮೂವತ್ತು. ಐವತ್ತರ ಹೊತ್ತಿಗೆ ಭುಜ ಕಿತ್ತುಬರುತ್ತಿತ್ತು, ಆದರೂ ಭಯ ಒಂದು ಚೂರೂ ಇರಲಿಲ್ಲ. ಅರವತ್ತೊಂದಕ್ಕೆ ನಿಂತ. ಉಸಿರು ತೆಗೆದುಕೊಂಡು, ಮೈಯೆಲ್ಲ ಭಾರ ಹಾಕಿ ಕಡೇ ಪೆಟ್ಟು ಹೊಡೆದ.

ಹಗ್ಗ ಇನ್ನೂ ಅಲುಗಾಡುತ್ತಿತ್ತು, ಫೋನ್ ಬಂತು.

“ಅಪ್ಪಾ, ಏನೂ ಇಲ್ವಂತೆ!” ಒಡಕು ಧ್ವನಿಯಲ್ಲೇ ಲೂರ್ದು ಅಳುತ್ತಾ ನಗುತ್ತಿದ್ದಳು. “ಕಿರುಚಿ ಕಿರುಚಿ ಆಗಿರೋ ಗಂಟಂತೆ. ಮೂರು ತಿಂಗಳು ಬಾಯಿ ಮುಚ್ಕೊಂಡಿದ್ರೆ ಸಾಕಂತೆ. ರಿಪೋರ್ಟು ನಿನ್ನೆ ಸಾಯಂಕಾಲನೇ ಬಂದಿತ್ತಂತೆ, ಈ ಜನ ಒಂದು ಫೋನ್ ಮಾಡ್ಬಾರ್ದಾ?”

“ನಿನ್ನೇನೇ ಬಂದಿತ್ತಾ?” ಅಂದ ಚೌರಪ್ಪ.

“ಹೂಂ ಕಣಪ್ಪಾ. ಸುಮ್ನೆ ಹೆದ್ರಿದ್ವಿ.”

ದೇವರೇ, ನನ್ನ ಮಗು ಉಳೀತು ಅಂತ ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತ. ಎಷ್ಟೋ ಹೊತ್ತಾದಮೇಲೆ ತಲೆಯೆತ್ತಿ ಗಂಟೆಯನ್ನು ನೋಡಿದ. ಆಮೇಲೆ ಮುಖ ತೊಳೆದು ಗೇಟಿಗೆ ಬಂದ.

ಆಂಜನಮ್ಮ ಬೆರಳು ಮಡಚಿಕೊಂಡೇ ಕೂತಿದ್ದಳು. “ಯಾರಣ್ಣಾ ಅದು? ಗಂಡಸು, ಮೂವತ್ತನಾಲ್ಕು. ಆ ವಯಸ್ಸಿನೋರು ಯಾರೂ ಮಲಗಿರ್ಲಿಲ್ವಲ್ಲ?”

“ಮೂವತ್ತನಾಲ್ಕಲ್ಲ. ಅವತ್ತಿನ ಇಪ್ಪತ್ತೇಳೂ ಸೇರಿಸ್ಕೊ.”

ಅವಳು ಸೇರಿಸಿದಳು. ತುಟಿ ಅಲುಗಾಡಿ ನಿಂತಿತು. ಹೋದ ತಿಂಗಳು ಚೌರಪ್ಪನಿಗೆ ಅರವತ್ತೊಂದು ತುಂಬಿದಾಗ ಹುಟ್ಟುಹಬ್ಬದ ಕೇಕನ್ನು ಲೂರ್ದು ಅವಳಿಗೂ ತಂದುಕೊಟ್ಟಿದ್ದಳು.

“ಕಡೇದೂ ಹೊಡೆದ್ಬಿಟ್ರಲ್ಲಣ್ಣಾ” ಅಂದಳು.

“ಹೂಂ, ಹೊಡೆದೆ. ಒಂದು ಕಟ್ಟು ಸಬ್ಬಸಿಗೆ ಕೊಡು, ಮಗಳು ಬರ್ತಾಳೆ.”

ಆಂಜನಮ್ಮ ದೊಡ್ಡ ಕಟ್ಟೇ ಆರಿಸಿ ಕೊಟ್ಟಳು. ದಿನಾ ಹೇಳುವ ಹಾಗೆ “ನಾಳೆ ಬನ್ನಿ ಅಣ್ಣಾ” ಅನ್ನಲು ಬಾಯಿ ತೆರೆದವಳು, ಸುಮ್ಮನಾದಳು.