ಒತ್ತಿದರೆ ಏಳದ ಕೈ

ಅದು ೧೯೯೮ರ ಬೇಸಿಗೆ. ಗಂಡ ತೀರಿಕೊಂಡ ಮೇಲೆ ಬಳೆಯ ಬುಟ್ಟಿ ಹೊತ್ತು ಊರೂರು ಅಲೆದು, ಜತ್ತದ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದ್ದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಒಂದು ದಿನ ತಿಕೋಂಡಿಯಿಂದ ಕುಬಸದ ಮನೆಯ ಕರೆ ಬಂತು. ಚೊಚ್ಚಲ ಬಸುರಿ ಕಸ್ತೂರಿಗೆ ಸೀಮಂತದ ಹಸಿರು ಬಳೆ ಇಡಿಸಬೇಕಿತ್ತು.

ಬಳೆ ಇಡುವ ಮುಂಚೆ ನಾನು ಕೈ ಹಿಸುಕಿ, ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಚರ್ಮ ಎಷ್ಟು ತಗ್ಗುತ್ತದೆ, ಎಷ್ಟು ಬೇಗ ಮೇಲೇಳುತ್ತದೆ ಎಂಬುದರ ಮೇಲೆ ಬಳೆಯ ಅಳತೆ. ಬಸುರಿಯರ ಕೈ ತುಸು ಬಾತಿರುವುದು ಹೊಸದಲ್ಲ. ಆದರೆ ಕಸ್ತೂರಿಯ ಮುಂಗೈ ಮೇಲೆ ಬಿದ್ದ ತಗ್ಗು, ನಾದಿದ ಕಣಕದಲ್ಲಿ ಬೆರಳೂರಿದಂತೆ ಹಾಗೇ ಉಳಿಯಿತು. ಮುಖವೂ ಉಬ್ಬಿತ್ತು.

“ತಲಿ ನೋಯ್ತೈತೇನವ್ವಾ?” ಎಂದೆ.

“ಭಾಳ ನೋಯ್ತೈತ್ರಿ. ಕಣ್ಣಿಗಿ ಮಬ್ಬ ಬರ್ತೈತಿ,” ಎಂದಳು ಮೆಲ್ಲಗೆ.

ಅವಳ ಅತ್ತೆಯ ಕಡೆ ತಿರುಗಿದೆ. “ಅಕ್ಕಾರ, ಬಳಿ ನಾಳಿ ಇಡಸೂಣ್ರಿ. ಇವತ್ತ ದವಾಖಾನಿಗಿ ಕರ್ಕೊಂಡ ಹೋಗ್ರಿ. ಈ ಬಾವು ಚಲೋ ಅಲ್ಲ.”

ಅತ್ತೆ ಜೋರಾಗಿ ನಕ್ಕರು. “ಬುಟ್ಟ್ಯಾಗ ದೊಡ್ಡ ಅಳತಿ ಬಳಿ ತಂದಿಲ್ಲ, ಹೌದಿಲ್ಲೋ? ಅದಕ್ಕ ದವಾಖಾನಿ ದಾರಿ ತೋರ್ಸಾಕತ್ತಿ!”

ಕಸ್ತೂರಿಯ ನಾದಿನಿಯೂ ದನಿಗೂಡಿಸಿದಳು. “ಹೋದ ವರ್ಷ ನನಗೂ ಕೈ ಬಾತೈತಿ ಅಂತ ಹೇಳಿ ತುಟ್ಟಿ ಬಳಿ ಇಟ್ಟಿದ್ಲು ಈ ಬಳಿಗಾರವ್ವ!”

ಪಡಸಾಲೆಯೆಲ್ಲ ನಗು. ಪಾಪ, ಕಸ್ತೂರಿಯೂ ನಕ್ಕಳು. ನಾನು ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅದು ಅವರಿಗೆ ವ್ಯಾಪಾರದ ಮಾತಾಗಿಯೇ ಕೇಳಿಸಿತು. ಕೊನೆಗೆ ಬುಟ್ಟಿಯಿಂದ ದೊಡ್ಡ ಬಳೆ ತೆಗೆದು ಇಟ್ಟೆ.

ಆ ವಾರವೇ ಅವಳಿಗೆ ಫಿಟ್ಸ್ ಬಂತು. ಜೀಪಿನಲ್ಲಿ ಮಿರಜಕ್ಕೆ ಒಯ್ದರು. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಸಲಾಯಿನ್ ಹಚ್ಚಲು, ಬಾತ ಕೈಯಿಂದ ಹೊರಬರದ ಆ ಹಸಿರು ಬಳೆಗಳನ್ನು ಒಡೆಯಬೇಕಾಯಿತಂತೆ.

ಕೆಲವು ವರ್ಷಗಳ ಮೇಲೆ ಅತ್ತೆ ಸೊಸೆ ಇಬ್ಬರೂ ನನ್ನ ಅಂಗಡಿಗೆ ಬಂದರು. ಕಸ್ತೂರಿ ಮತ್ತೆ ಬಸುರಿ. ಅತ್ತೆ ಬಳೆಗಳತ್ತ ನೋಡಲೂ ಇಲ್ಲ. ಸೊಸೆಯ ಕೈಯನ್ನು ನನ್ನ ಮುಂದೆ ಹಿಡಿದರು. “ಮೊದಲ ಒತ್ತಿ ನೋಡವ್ವಾ. ನೀ ಹೂಂ ಅಂದ್ರಷ್ಟ ಬಳಿ.”

ಒತ್ತಿದೆ. ಬೆರಳು ತೆಗೆಯುತ್ತಲೇ ತಗ್ಗು ತುಂಬಿಕೊಂಡಿತು. ಆ ದಿನ ಅವರು ಚೌಕಾಸಿ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಬಸುರಿಯ ಮುಖ, ಕೈ ಬಾತು ತಲೆ ನೋಯುತ್ತಿದ್ದರೆ ಅಂದೇ ಡಾಕ್ಟರ ಹತ್ತಿರ ಬಿ.ಪಿ. ನೋಡಿಸಿ. ಹೇಳುವವಳು ಬಳೆ ಮಾರುವವಳೆಂದು ತಳ್ಳಿಹಾಕಬೇಡಿ. ನನಗೊಂದೇ ಮಾತು ಕೊರೆಯುತ್ತದೆ: ಅಂದು ತಿಕೋಂಡಿಯಲ್ಲಿ ಒಂದೂ ಬಳೆ ಮಾರದೆ ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಿದ್ದರೆ, ಅವರು ನನ್ನನ್ನು ನಂಬುತ್ತಿದ್ದರೇನೋ.