ಸ್ಪೀಕರಿಗೆ ತುರುಕಿದ ಹತ್ತಿ

ಒಂದು ಡಿಸ್ಕ್ ಕೆಟ್ಟರೂ ಇನ್ನೊಂದು ಕೈಬಿಡುವುದಿಲ್ಲ ಎಂದು ಹೇಳಿ ನಮ್ಮ ಕಂಪನಿ ತಮಿಳು ಸೀಮೆಯ ಸೋಮನೂರಿನ ಮಗ್ಗದ ಮಾಲೀಕರೊಬ್ಬರಿಗೆ ಕಂಪ್ಯೂಟರ್ ಮಾರಿತ್ತು. ಎರಡು ಡಿಸ್ಕಿಗೂ ಒಂದೇ ಲೆಕ್ಕ ಬರೆಯುವ ಸಾಫ್ಟ್‌ವೇರ್ ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ದೊಡ್ಡ ಜಂಬ.

ಎರಡೂ ಕೆಟ್ಟವು. ಯಾವ ಶೆಡ್ಡಿಗೆ ಎಷ್ಟು ನೂಲು ಹೋಗಿದೆ ಎಂಬುದೆಲ್ಲ ಮಾಯ. ರಿಪೇರಿಗೆ ನನ್ನನ್ನು ಓಡಿಸಿದರು.

"ಮೊದಲನೇದು ಕೆಟ್ಟಾಗ ಇದು ಕೀಂ ಅಂತ ಕೂಗಲಿಲ್ವಾ ಅಣ್ಣಾ?"

"ಕೂಗದೆ ಏನು ತಂಬಿ! ದಿನವೆಲ್ಲ ಒಂದೇ ತೊಂದರವು, ಒಂದೇ ಕಿರಿಕಿರಿ. ಕೆಲಸ ಮಾತ್ರ ಚೆನ್ನಾಗೇ ನಡೀತಿತ್ತು. ಅದಕ್ಕೇ ಹತ್ತಿ ತುರುಕಿಬಿಟ್ಟೆ."

ಮಗ್ಗದ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಅಲ್ಲಿಯವರ ಅಭ್ಯಾಸ. ಇವರು ಕಂಪ್ಯೂಟರಿನ ಸ್ಪೀಕರಿಗೇ ಅಚ್ಚುಕಟ್ಟಾಗಿ ಇಟ್ಟಿದ್ದರು.

ನನಗೆ ಸಿಟ್ಟು ಬಂದದ್ದು ಸಾಫ್ಟ್‌ವೇರಿನ ಮೇಲೆ. ಅರ್ಧ ಜೀವ ಹೋದರೂ ಏನೂ ಆಗದವರ ಹಾಗೆ ದುಡಿಯುತ್ತಿದ್ದರೆ ಡಾಕ್ಟರನ್ನು ಯಾರು ಕರೆಸುತ್ತಾರೆ? ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ ಮ್ಯಾನೇಜರಿಗೆ ವಿಷಯ ಹೇಳಿದೆ.

"ನಮ್ಮ ತಪ್ಪೇನೂ ಇಲ್ಲ! ಅದು ಕೂಗಿದೆಯಲ್ಲ!" ಎಂದು ಅವರು ಕೂಗತೊಡಗಿದರು. ಕೂಗು ರಿಸೀವರಿನಿಂದ ಹೊರಗೂ ಕೇಳುತ್ತಿತ್ತು. ಮಾಲೀಕರು ನನ್ನ ಮುಖ ನೋಡಿದರು, ಸ್ಪೀಕರಿನಿಂದ ಆ ಹತ್ತಿಯನ್ನು ಕಿತ್ತು ನನ್ನ ಕೈಗಿಟ್ಟರು.